ಕಾಕಾನ ಬಳ್ಳಿ ಅಕ್ಷರ

ಮೊನ್ನೆ ನನ್ನ ಫೋನಿಗೆ ಒಂದು ಲಗ್ನಪತ್ರಿಕೆ ಬಂತು. ಬಂದದ್ದು ಗೊತ್ತಾಯಿತು, ಯಾರದೆಂದು ಗೊತ್ತಾಗಲಿಲ್ಲ. ಮೇಲೊಬ್ಬ ಗಣಪತಿ ಇದ್ದ, ಕೆಳಗೆ ಎರಡು ನವಿಲುಗಳಿದ್ದವು, ನಡುವೆ ಬಂಗಾರದ ಬಣ್ಣದಲ್ಲಿ ಕನ್ನಡವೇ ಇರಬೇಕೆಂದು ನಾನು ಊಹಿಸಿದ ಏನೋ ಒಂದು ಇತ್ತು. ಅಕ್ಷರಗಳು ಒಂದರ ಸೊಂಟಕ್ಕೆ ಇನ್ನೊಂದು ಕೈಹಾಕಿಕೊಂಡು ಓರೆಯಾಗಿ ನಿಂತಿದ್ದವು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಸಣ್ಣದಾಗಿದ್ದಾಗ ತಿಳಿಯದೆ ಇದ್ದದ್ದು ಈಗ ದೊಡ್ಡದಾಗಿ ತಿಳಿಯದಾಯಿತು, ಅಷ್ಟೇ ವ್ಯತ್ಯಾಸ. ಕನ್ನಡಕ ಒರೆಸಿಕೊಂಡೆ. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪೇಪರು ಹರಡಿಕೊಂಡು ಕೂತಿದ್ದ ಯಜಮಾನರ ಮೂಗಿನ ಮುಂದೆ ಹಿಡಿದೆ. ಅವರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಆಮೇಲೆ "ಭಾರಿ ಛಂದ ಐತಲ್ಲ" ಎಂದು ವಾಪಸು ಕೊಟ್ಟುಬಿಟ್ಟರು.

ಆ ಮಾತು ಕೇಳಿದ್ದೇ ತಡ ನನಗೆ ಹಳೆಯದೆಲ್ಲ ನೆನಪಾಯಿತು. ಇದೇ ಮಾತನ್ನು, ಹೀಗೇ ದೂರ ಹಿಡಿದು ಹತ್ತಿರ ಹಿಡಿದು, ನಾಗಪುರದ ಕನ್ನಡದವರೆಲ್ಲ ಒಮ್ಮೆ ಹೇಳಿದ್ದರು. ಹೇಳಿದ್ದು ನನ್ನದೇ ಲಗ್ನಪತ್ರಿಕೆ ನೋಡಿ. ಅವತ್ತು ಅಷ್ಟು ಮಂದಿ 'ಛಂದ ಐತಿ' ಎಂದದ್ದರಿಂದ ನಮ್ಮ ಕಾಕಾನ ಬಾಳು ಯಾವ ದಿಕ್ಕಿಗೆ ತಿರುಗಿತು ಎನ್ನುವುದನ್ನು ನೆನೆದರೆ ನನಗೆ ಈಗಲೂ ತಲೆ ಕೆಟ್ಟು ಹೋಗುತ್ತದೆ. ತಪ್ಪು ಯಾರದು ಎಂದು ಯೋಚಿಸುತ್ತ ಕೂತರೆ ಒಬ್ಬೊಬ್ಬರಾಗಿ ಎಲ್ಲರೂ ಸರಿಯಾಗಿಯೇ ಕಾಣುತ್ತಾರೆ. ಎಲ್ಲರೂ ಸರಿ ಇದ್ದು ಎಲ್ಲವೂ ತಪ್ಪಿದ್ದು ಹೇಗೆ? ನಿಮಗೆ ಹೇಳುತ್ತೇನೆ, ನಿಮಗಾದರೂ ಬಗೆಹರಿದರೆ ನೋಡಿ.

ನಾವು ಗದಗಿನ ಕಡೆಯವರು. ಅಪ್ಪನಿಗೆ ನಾಗಪುರದಲ್ಲಿ ಸರ್ಕಾರಿ ನೌಕರಿ. ನಾನು, ನನ್ನ ತಮ್ಮ ಇಬ್ಬರೂ ಹುಟ್ಟಿದ್ದು, ಮರಾಠಿ ಶಾಲೆಗೆ ಹೋದದ್ದು, ಬೇಸಗೆಯಲ್ಲಿ ಬೆಂದದ್ದು ಎಲ್ಲ ಅಲ್ಲೇ. ಅಪ್ಪನ ತಮ್ಮ ಶಂಕರ ಕಾಕಾ ನಮ್ಮ ಜೊತೆಗೇ ಇದ್ದ. ಉಮರೇಡಿನ ಕಲ್ಲಿದ್ದಲು ಗಣಿಯ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ನೆಲದೊಳಗೆ ಎಲ್ಲಿ ಎಷ್ಟು ಅಗೆದಿದ್ದಾರೆ ಎನ್ನುವುದನ್ನು ನೆಲದ ಮೇಲೆ ಕೂತು ಗೆರೆ ಎಳೆದು ಸಂಜೆಗೆ ವಾಪಸು ಬರುತ್ತಿದ್ದ. ಮಾತು ಕಡಿಮೆ. ಬಲಗೈ ನಡುಬೆರಳಿನಲ್ಲಿ ಸದಾ ಕಪ್ಪು ಶಾಯಿಯ ಕಲೆ. ಲಗ್ನ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಆಗಲಿಲ್ಲ ನೋಡ್ರಿ" ಎಂದಷ್ಟೇ ಹೇಳಿ, ತಾನೂ ಅದರ ಬಗ್ಗೆ ಸ್ವಲ್ಪ ಆಶ್ಚರ್ಯಪಟ್ಟಂತೆ ಸುಮ್ಮನಾಗುತ್ತಿದ್ದ.

ನಮ್ಮ ಮನೆಯ ಕನ್ನಡ ಹೇಗಿತ್ತು ಎನ್ನುತ್ತೀರಿ? ಅವ್ವ ಒಲೆಯ ಮುಂದೆ ನಿಂತು "ಜಲ್ದಿ ಜಲ್ದಿ ಉಣ್ಣು, ಬಸ್ ಚುಕ್ಕೀತು" ಎನ್ನುತ್ತಿದ್ದಳು. ಅದರಲ್ಲಿ ಎಷ್ಟು ಕನ್ನಡ, ಎಷ್ಟು ಹಿಂದಿ, ಎಷ್ಟು ಮರಾಠಿ ಎಂದು ಬೇರ್ಪಡಿಸಲು ಹೋದರೆ ಉಪ್ಪಿಟ್ಟಿನಲ್ಲಿ ರವೆ ಹುಡುಕಿದ ಹಾಗೆ. ಆಡಲು ನಮಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದು ಕಲಿಸಿದವನು ಕಾಕಾ. ಭಾನುವಾರ ಪಾಟಿಯ ಮೇಲೆ ದುಂಡಗೆ ಬರೆದು ನಮ್ಮ ಮುಂದಿಡುತ್ತಿದ್ದ. ನಾವು ತಡವರಿಸಿದರೆ ಬೈಯುತ್ತಿರಲಿಲ್ಲ.

"ಬಾಯಿ ಮುಚ್ಚಿಕೊಂಡು ನೋಡಿದ್ರ ಹೆಂಗ ಬರ್ತಾವ? ಗಟ್ಟಿಯಾಗಿ ಓದ್ರಿ. ದನಿ ಮುಂದ ಹೋದ್ರ ಅಕ್ಷರ ಹಿಂದ ತಾವ ಬರ್ತಾವ" ಎನ್ನುತ್ತಿದ್ದ.

ನಾನು ಓದುತ್ತಿದ್ದೆ, ಓದಿ ಮರೆಯುತ್ತಿದ್ದೆ. ತಮ್ಮ ನನಗಿಂತ ಬುದ್ಧಿವಂತ, ಅವನು ಓದದೆಯೇ ಮರೆತಿದ್ದ.

ಕಾಕಾನಿಗೆ ಅಕ್ಷರದ ಹುಚ್ಚು ಹಿಡಿಸಿದ್ದು ಒಂದು ಸಂತ್ರಾ ಬರ್ಫಿಯ ಡಬ್ಬಿ. ನಾಗಪುರದಲ್ಲಿ ಯಾರ ಮನೆಗೆ ಹೋದರೂ, ಯಾರು ಊರಿಗೆ ಹೊರಟರೂ ಕಿತ್ತಳೆಯ ಬರ್ಫಿಯ ಡಬ್ಬಿಯೊಂದು ಕೈಯಲ್ಲಿ ಇರಲೇಬೇಕು. ಅಂಥ ಒಂದು ಡಬ್ಬಿಯ ಮುಚ್ಚಳದ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ನಮ್ಮ ಪುಸ್ತಕಗಳ ಇಂಗ್ಲಿಷಲ್ಲ ಅದು. ಕೂದಲಿನಷ್ಟು ತೆಳುವಾಗಿ ಹೊರಟು, ಹೊಟ್ಟೆ ತುಂಬಿಕೊಂಡು ದಪ್ಪವಾಗಿ, ಮತ್ತೆ ತೆಳುವಾಗಿ ಸುರುಳಿ ಸುತ್ತಿ ಪಕ್ಕದ ಅಕ್ಷರದ ಕೈ ಹಿಡಿಯುವ ಇಂಗ್ಲಿಷ್. ನಾವೆಲ್ಲ ಬರ್ಫಿ ತಿಂದೆವು, ಕಾಕಾ ಮುಚ್ಚಳ ಇಟ್ಟುಕೊಂಡ.

"ನೋಡಿದ್ರೇನು? ಇಂಗ್ಲಿಷಿನವರು ಸೆಟದು ನಿಂತ ಕಡ್ಡಿಯಂಥಾ ಅಕ್ಷರಕ್ಕ ಇಷ್ಟು ಸೊಗಸು ಮಾಡ್ಯಾರ. ನಮ್ಮವು ಮೊದಲ ದುಂಡಗ ಅದಾವ. ಲಗ್ನ-ಮುಂಜಿಗೆ ಅಂತ ನಮಗೂ ಹಿಂಥಾದ್ದೊಂದು ಅಚ್ಚಿನ ಅಕ್ಷರ ಯಾಕ ಇರಬಾರದು?" ಎಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು. ಭಾನುವಾರದ ಪಾಟಿ ಹೋಯಿತು, ನಕ್ಷೆ ಬರೆಯುವ ಹಾಳೆಗಳು ಬಂದವು. ಕಾಕಾ ಕೂಲರಿನ ಮುಂದೆ ನೆಲಕ್ಕೆ ಹಲಗೆ ಹಾಕಿಕೊಂಡು, ಗಾಳಿಗೆ ಹಾಳೆ ಹಾರದಂತೆ ನಾಲ್ಕೂ ಮೂಲೆಗೆ ಕಿತ್ತಳೆಹಣ್ಣೋ ಈರುಳ್ಳಿಯೋ ಇಟ್ಟು, 'ಕ' ಬರೆಯುತ್ತಿದ್ದ. ಅವನ 'ಕ'ದ ತಲೆಕಟ್ಟು ಬಳ್ಳಿಯ ತುದಿಯಂತೆ ಮೇಲೆದ್ದು ಬಾಗುತ್ತಿತ್ತು. ಒತ್ತಕ್ಷರದ ಬಾಲ ಕೆಳಗಿನ ಸಾಲಿನವರ ತಲೆ ಸವರಿಕೊಂಡು ಹೋಗುತ್ತಿತ್ತು. ದೀರ್ಘವಂತೂ ಹೊರಟರೆ ವಾಪಸು ಬರುವ ಮಾತೇ ಇಲ್ಲ. ಕೂಲರಿನ ಲಾವಂಚದ ತಂಪು ವಾಸನೆ, ಶಾಯಿಯ ವಾಸನೆ ಎರಡೂ ಸೇರಿ ಆ ಬೇಸಗೆಗಳೆಲ್ಲ ಈಗ ನನಗೆ ಒಂದೇ ಬೇಸಗೆ ಅನ್ನಿಸುತ್ತದೆ. ಅ ದಿಂದ ಳ ತನಕ, ಕಾಗುಣಿತ ಒತ್ತುಗಳ ಸಮೇತ ಪೂರ್ತಿ ಮುಗಿಸಲು ಅವನಿಗೆ ವರ್ಷಗಳೇ ಹಿಡಿದವು. ನಾನು ಕಾಲೇಜು ಸೇರಿದ್ದೆ. ಹಾಳೆ ತೋರಿಸಿದಾಗಲೆಲ್ಲ "ಛಂದ ಐತಿ ಕಾಕಾ" ಎಂದು ಹೇಳಿ ಜಡೆ ಹಾಕಿಕೊಳ್ಳಲು ಓಡುತ್ತಿದ್ದೆ.

ಅವನ ಆಸೆ ಒಂದೇ. ಆ ಅಕ್ಷರಗಳನ್ನು ಯಾರಾದರೂ ಸೀಸದಲ್ಲಿ ಎರಕ ಹೊಯ್ಯಬೇಕು, ಅವು ಅಚ್ಚಿನ ಮೊಳೆಗಳಾಗಬೇಕು, ಕನ್ನಡದವರ ಲಗ್ನಪತ್ರಿಕೆಗಳೆಲ್ಲ ಅವುಗಳಲ್ಲಿ ಅಚ್ಚಾಗಬೇಕು. ನಾಗಪುರದಲ್ಲಿ ಅದು ಆಗದ ಮಾತು. ಅಲ್ಲಿನ ಪ್ರೆಸ್ಸುಗಳಲ್ಲಿ ಕನ್ನಡದ ಮೊಳೆ ಹುಡುಕಿದರೂ ಇರಲಿಲ್ಲ. ಅಷ್ಟರಲ್ಲಿ ನನ್ನ ಲಗ್ನ ಗೊತ್ತಾಯಿತು. ಹುಡುಗ, ಅಂದರೆ ಈಗ ಪೇಪರು ಹರಡಿಕೊಂಡು ಕೂತಿರುವ ಈ ಮಹಾರಾಯರು, ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದರು. ಅವರ ಸೋದರಮಾವ ಗದಗಿನಲ್ಲಿ ಪ್ರೆಸ್ ಇಟ್ಟಿದ್ದರು. ನಿಶ್ಚಯಕ್ಕೆ ಬಂದ ಆ ಸೋದರಮಾವ ಕಾಕಾನ ಹಾಳೆಗಳನ್ನು ಕಂಡು ಚಹಾದ ಕಪ್ಪು ಕೆಳಗಿಟ್ಟರು.

"ಇವು ನೀವು ಬರದದ್ದೇನ್ರಿ? ಒಂದ್ ಕೆಲಸ ಮಾಡ್ರಿ. ಈ ಲಗ್ನದ ಪತ್ರಿಕೆ ಇದ ಅಕ್ಷರದಾಗ ಮಾಡ್ರಿ. ಮಂದಿ ಒಪ್ಪಿದ್ರ ನಾನ ಮುಂದ ನಿಂತು ಎರಕ ಹೊಯ್ಸತೀನಿ. ಲಗ್ನಕ್ಕ ಬಂದಾಗ ನೋಡೇ ಬಿಡೂಣು" ಎಂದರು.

ಕಾಕಾ ಆವತ್ತು ಊಟ ಸರಿಯಾಗಿ ಮಾಡಲಿಲ್ಲ. ಅವ್ವ "ಲಗ್ನ ಅಕಿದು, ಹಸಿವಿ ಹೋಗಿದ್ದು ಇವನದು" ಎಂದು ನಕ್ಕಳು.

ಅಪ್ಪನಿಗೆ ಬೇರೆ ಚಿಂತೆ. ಹುಡುಗನ ಅಜ್ಜಿ ನನ್ನನ್ನು ನೋಡಲು ಬಂದಾಗ ಸೀರೆ, ಬಳೆ, ಕೂದಲು ಎಲ್ಲ ನೋಡಿ, "ಎಲ್ಲಾ ಬರೋಬರಿ ಐತಿ. ಆದ್ರ ಹುಡುಗಿ ಕನ್ನಡದಾಕಿ ಉಳದಾಳೋ, ಮರಾಠ್ಯಾಕಿ ಆಗ್ಯಾಳೋ?" ಎಂದು ಕೇಳಿದ್ದರು. ಅಪ್ಪನಿಗೆ ಅದು ಎದೆಗೆ ನಾಟಿತ್ತು. "ನಾಗಪುರದಾಗ ನಮ್ಮ ಮಂದಿ ಎಷ್ಟ್ ಅದಾರ ಅನ್ನೂದನ್ನ ಲಗ್ನದ ದಿವಸ ನೀವ ನೋಡ್ರಿ, ಕಾರ್ಯಾಲಯ ತುಂಬಿಸ್ತೀನಿ" ಎಂದು ಮಾತು ಕೊಟ್ಟುಬಿಟ್ಟಿದ್ದ. ಕಾರ್ಯಾಲಯ ಅಂದರೆ ಅಲ್ಲಿನ ಕಲ್ಯಾಣ ಮಂಟಪ. ಹಾಗಾಗಿ ಪತ್ರಿಕೆ ಅಪ್ಪಟ ಕನ್ನಡದಲ್ಲೇ ಆಗಬೇಕು, ಹಿಂದೆ ಮುಂದೆ ಎಲ್ಲೂ ಮರಾಠಿ ಇಂಗ್ಲಿಷ್ ಸುಳಿಯಕೂಡದು ಎಂದು ಹಟ ಹಿಡಿದ. ಕಾಕಾ ಇಡೀ ಪತ್ರಿಕೆಯನ್ನು ಶಾಯಿಯಲ್ಲಿ ಬರೆದ. ಸೀತಾಬರ್ಡಿ ಪೇಟೆಯಲ್ಲಿ ಆ ಬರಹವನ್ನೇ ತಗಡಿನ ಬ್ಲಾಕು ಮಾಡಿಸಿ, ಹಳದಿ ಕಾಗದದ ಮೇಲೆ ಕುಂಕುಮದ ಬಣ್ಣದಲ್ಲಿ ಅಚ್ಚು ಹಾಕಿಸಿದರು. ನೋಡಿದರೆ ನೋಡುತ್ತಲೇ ಇರಬೇಕು ಅನ್ನಿಸುವಂತಿತ್ತು. ನಾನು ಓದಲಿಲ್ಲ. ನನ್ನ ಲಗ್ನ ಯಾವತ್ತು, ಯಾರ ಜೊತೆ ಎನ್ನುವುದು ನನಗೆ ಗೊತ್ತಿತ್ತಲ್ಲ, ಓದುವ ಗರಜೇನಿತ್ತು?

ಈಗ ನಮ್ಮ ಅಪ್ಪನ ಲೆಕ್ಕಾಚಾರ ಕೇಳಿ. ಮರಾಠಿಯವರಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಅವರ ಮನೆಗೆ ಹೋದಾಗ ದಿವಸ, ಹೊತ್ತು, ಧಂತೋಲಿಯ ಯಾವ ಮಂಗಲ ಕಾರ್ಯಾಲಯ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ನಮ್ಮವರಿಗೆ ಪತ್ರಿಕೆಯೇ ಇದೆ. ಅವರಿಗೆ ಬಾಯಲ್ಲಿ ಹೇಳಿದರೆ ಪತ್ರಿಕೆಗೆ ಏನು ಮರ್ಯಾದೆ? ಇದರಲ್ಲಿ ಹುಳುಕು ಎಲ್ಲಿದೆ ಹೇಳಿ. ಆಗ ನನಗೂ ಬರೋಬರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪಕ್ಕದ ಮನೆಯ ಸುಮನ್‌ತಾಯಿಗೆ ಪತ್ರಿಕೆ ಕೊಟ್ಟಾಗ ನಾನೂ ಅಲ್ಲೇ ಇದ್ದೆ. ಅಪ್ಪ ಎಲ್ಲ ವಿವರ ಹೇಳಿ ಮುಗಿಸಿದ್ದರೂ ಆಕೆ ಬಿಡಲಿಲ್ಲ. ಪತ್ರಿಕೆಯ ಮೇಲೆ ಕೈಯಾಡಿಸಿ, "ಭಾವುಜೀ, ಕಿತೀ ಸುಂದರ್! ಪಣ್ ಕಾಯ್ ಲಿಹಿಲಂಯ್? ವಾಚೂನ್ ದಾಖವಾ ನಾ" ಎಂದು ಕಾಕಾನನ್ನೇ ಹಿಡಿದು ಕೂರಿಸಿದಳು. ಏನು ಬರೆದಿದೆ, ಓದಿ ತೋರಿಸಿ ಎಂದು ಕೇಳಲು ಅವಳಿಗೇನು ನಾಚಿಕೆ? ಅವಳದಲ್ಲದ ಭಾಷೆ. ಕಾಕಾ ಬೆರಳಿಟ್ಟು ಒಂದೊಂದೇ ಸಾಲು ಓದಿದ, ಅರ್ಥ ಹೇಳಿದ. ಕಿವಿಯೆಲ್ಲ ಕೆಂಪಾಗಿತ್ತು ಅವನದು, ಖುಷಿಯಿಂದ.

ಆಮೇಲೆ ಅಪ್ಪ ಸ್ಕೂಟರಿನ ಹಿಂದೆ ಕಾಕಾನನ್ನು ಕೂರಿಸಿಕೊಂಡು ನಮ್ಮವರ ಮನೆಗಳಿಗೆ ಹೊರಟ. ಏರ್‌ಫೋರ್ಸಿನ ಮೂರ್ತಿಯವರು ಮೈಸೂರಿನ ಕಡೆಯವರು. ಅವರು ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, "ಆಹಾ, ಏನ್ ಚೆನ್ನಾಗ್ ಬರ್ದಿದೀರಿ ಸಾರ್! ಎಷ್ಟೊತ್ತಿಗೆ ಬರ್ಬೇಕು?" ಎಂದರಂತೆ. ಅಪ್ಪ ಎದೆಯುಬ್ಬಿಸಿ, "ಎಲ್ಲಾ ಪತ್ರಿಕಾದಾಗ ಐತ್ರಿ" ಎಂದ. ಮೂರ್ತಿಯವರು ಮತ್ತೊಮ್ಮೆ ನೋಡಿ, "ಓ, ಹೌದು ಹೌದು, ಇಲ್ಲೇ ಇದೆ" ಎಂದರು. ಇತವಾರಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಬಸಣ್ಣನವರು ವಿಜಾಪುರದವರು. ಅವರೂ "ಭಾರಿ ಛಂದ ಐತಿ, ಭಾರಿ ಛಂದ ಐತಿ" ಎಂದು ದೇವರ ಮುಂದೆ ಇಟ್ಟು ಕೈಮುಗಿದರು. ಕಾಮಠಿಯ ಮಿಲಿಟರಿಯವರು, ಆಫೀಸಿನವರು, ಎಲ್ಲರ ಮನೆಯಲ್ಲೂ ಇದೇ ಕತೆ. ಮನೆಗೆ ಬಂದು ಅಪ್ಪ ಅವ್ವನ ಮುಂದೆ ಹಿರಿಹಿರಿ ಹಿಗ್ಗಿದ. "ಒಬ್ಬರ ಆದ್ರೂ ತಪ್ಪು ತಗೀಬೇಕಲ್ಲ! ಶಂಕ್ರ್ಯಾ, ನಿನ್ನ ಅಕ್ಷರ ಎರಕ ಹೊಯ್ದಾಂಗ ತಿಳಕೊ" ಎಂದ. ಕಾಕಾ ಅಷ್ಟರಲ್ಲೇ ಎದ್ದು ಕೈಕಾಲು ತೊಳೆಯಲು ಹೋದ. ಸ್ಕೂಟರಿನ ಮೇಲೆ ಬಿಸಿಲಿನಲ್ಲಿ ತಿರುಗಿ ದಣಿದಿದ್ದಾನೆ ಎಂದುಕೊಂಡೆವು.

ಅದು ಎಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ನಾಗಪುರದ ಮೇ ತಿಂಗಳೆಂದರೆ ಬೆಳಿಗ್ಗೆ ಹತ್ತಕ್ಕೇ ರಸ್ತೆಯ ಡಾಂಬರು ಕರಗಿ ಚಪ್ಪಲಿ ಎಳೆಯುತ್ತದೆ. ಕಾರ್ಯಾಲಯದಲ್ಲಿ ದೊಡ್ಡ ದೊಡ್ಡ ಕೂಲರುಗಳು ಗುಡುಗುತ್ತಿದ್ದವು. ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಮುಂದೆ ಅಂತರಪಟ ಹಿಡಿದರು. ನನಗೆ ಕಾಣುತ್ತಿದ್ದುದು ಆ ಬಿಳಿ ಬಟ್ಟೆ ಮಾತ್ರ, ಉಳಿದದ್ದೆಲ್ಲ ಕಿವಿಗೆ ಬಿಟ್ಟದ್ದು. ಕಿವಿಗೆ ಬೀಳುತ್ತಿದ್ದುದೆಲ್ಲ ಮರಾಠಿ. ಬಲಕ್ಕೆ ಮರಾಠಿ, ಎಡಕ್ಕೆ ಮರಾಠಿ, ಹಿಂದೆ ಯಾರೋ "ಮುಲಗೀ ಕಿತೀ ಛಾನ್ ದಿಸತೇ" ಎಂದು ನನ್ನ ರೂಪ ಹೊಗಳುತ್ತಿದ್ದರು. ಒಂದು ಕ್ಷಣ ನನಗೆ ಗಾಬರಿಯಾಯಿತು. ಕಾರ್ಯಾಲಯ ತಪ್ಪಿ ಬೇರೆ ಯಾರದೋ ಲಗ್ನದಲ್ಲಿ ಬಂದು ನಿಂತಿದ್ದೇನೆಯೇ? ಬಟ್ಟೆಯ ಆಚೆ ಇರುವವನು ನಮ್ಮ ಹುಡುಗನೇ ಹೌದೇ? ನಗಬೇಡಿ. ಉಪವಾಸ, ಬಿಸಿಲು, ಹೂವಿನ ಭಾರ, ಇಷ್ಟೆಲ್ಲ ಇದ್ದಾಗ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಅಕ್ಷತೆ ಬಿದ್ದು ಪಟ ಸರಿದಾಗ ಹುಡುಗ ನಮ್ಮವನೇ ಎಂದು ಸಮಾಧಾನವಾಯಿತು. ತಲೆಯೆತ್ತಿ ನೋಡಿದರೆ ಕುರ್ಚಿಗಳಲ್ಲಿ ನಮ್ಮ ಓಣಿಯ ಮರಾಠಿ ಹೆಂಗಸರು, ಅಪ್ಪನ ಆಫೀಸಿನ ಮರಾಠಿ ಗಂಡಸರು. ನಾಗಪುರದ ಕನ್ನಡದವರು ಒಬ್ಬರೂ ಇರಲಿಲ್ಲ.

ಅಪ್ಪ ಬಾಗಿಲಿಗೂ ಮಂಟಪಕ್ಕೂ ತಿರುಗುತ್ತಿದ್ದ. ಹುಡುಗನ ಅಜ್ಜಿ ಅಷ್ಟು ದೂರದಿಂದ ಕೂಗಿಯೇ ಕೇಳಿದರು: "ಏನ್ರಿ ಬೀಗರ, ಇವರೆಲ್ಲಾ ನಿಮ್ಮ ಮಂದೀನ?" ಸುಮನ್‌ತಾಯಿಗೆ ಅದು ಏನು ತಿಳಿಯಿತೋ, ಎದ್ದು ಹೋಗಿ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಪಕ್ಕದಲ್ಲೇ ಕೂತು ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ಅಜ್ಜಿಯ ಬಾಯಿ ಅಲ್ಲಿಗೆ ಮುಚ್ಚಿತು. ಅಪ್ಪನ ಬಾಯಿ ಮೊದಲೇ ಮುಚ್ಚಿತ್ತು.

ನಮ್ಮ ಮಂದಿ ಎಲ್ಲಿದ್ದರು ಗೊತ್ತೇ? ತಮ್ಮ ತಮ್ಮ ಮನೆಗಳಲ್ಲಿ, ರೇಷ್ಮೆ ಸೀರೆ ಉಟ್ಟು, ಕೋಟು ಹಾಕಿ, ಉಡುಗೊರೆ ಕಟ್ಟಿಟ್ಟುಕೊಂಡು ಕೂತಿದ್ದರು. ಪತ್ರಿಕೆ ಯಾರಿಗೂ ಓದಲು ಬಂದಿರಲಿಲ್ಲ. ದಿವಸವನ್ನು ಹೇಗೋ ಅವರಿವರ ಮಾತಿನಿಂದ ತಿಳಿದುಕೊಂಡಿದ್ದರು. ಹೊತ್ತು ಯಾವುದು, ಕಾರ್ಯಾಲಯ ಯಾವುದು ಎಂದು ಬಾಯಿಬಿಟ್ಟು ಕೇಳಲು ಯಾರಿಗೂ ನಾಲಿಗೆ ಏಳಲಿಲ್ಲ. ಮೂರ್ತಿಯವರು ಇದು ಧಾರವಾಡದ ಕಡೆಯ ಬರವಣಿಗೆ ಇರಬೇಕು, ತಮಗೆ ರೂಢಿಯಿಲ್ಲ ಎಂದುಕೊಂಡಿದ್ದರು. ಬಸಣ್ಣನವರು ಇದು ಮೈಸೂರು ಅರಮನೆಯ ಕಡೆಯ ಶೈಲಿ, ತಮ್ಮಂಥ ಮೆಣಸಿನಕಾಯಿಯವರಿಗೆ ಎಲ್ಲಿ ತಿಳಿಯಬೇಕು ಎಂದುಕೊಂಡಿದ್ದರು. ಉಳಿದವರಿಗೆ ಪರವೂರಿನಲ್ಲಿ ಇದ್ದು ಇದ್ದು ತಮ್ಮ ಕನ್ನಡವೇ ಹೋಯಿತಲ್ಲ ಎಂದು ಒಳಗೊಳಗೇ ಸಂಕಟ. ಹಾಗೆಂದು ಮಕ್ಕಳ ಮುಂದೆ ಹೇಳಿಕೊಳ್ಳುವುದು ಹೇಗೆ? ಕೊನೆಗೆ ಪ್ರತಿಯೊಬ್ಬರೂ ಬೇರೆಯವರು ಹೊರಟಾಗ ತಾವೂ ಹೊರಟರಾಯಿತು ಎಂದು ತೀರ್ಮಾನಿಸಿದ್ದರು. ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ, "ನೀವು ಯಾವಾಗ ಹೊರಡ್ತೀರಿ?" ಎಂದರೆ, ಅವರು "ನಿಮ್ಮ ಜೋಡೀನ ಬರ್ತೀವಲ್ರಿ" ಎನ್ನುತ್ತಿದ್ದರು. ಹೀಗೆ ಇಡೀ ನಾಗಪುರದ ಕನ್ನಡ ಕುಲ ಸೆಂಟು ಹಾಕಿಕೊಂಡು ಬೆವರುತ್ತ ಒಬ್ಬರನ್ನೊಬ್ಬರು ಕಾಯುತ್ತ ಕೂತಿತ್ತು. ಇದೆಲ್ಲ ನಮಗೆ ತಿಳಿದದ್ದು ಬಹಳ ಕಾಲದ ಮೇಲೆ, ಮೂರ್ತಿಯವರ ಹೆಂಡತಿ ಅವ್ವನ ಮುಂದೆ ಹೊಟ್ಟೆ ಹಿಡಿದು ನಗುತ್ತ ಹೇಳಿಕೊಂಡಾಗ. ಆ ಹೊತ್ತಿಗೆ ನಕ್ಕರೆ ಏನು ಬಂತು?

ಮಧ್ಯಾಹ್ನ ಬೀಗರ ಊಟವಾಗಿ ಎಲೆ ಎತ್ತಿದ ಮೇಲೆ ಬಂದರು. ಎಲ್ಲರೂ ಒಟ್ಟಿಗೆ, ಮೆರವಣಿಗೆ ಬಂದಂತೆ. ಕೊನೆಗೆ ನಮ್ಮ ಓಣಿಗೆ ಹುಡುಗನೊಬ್ಬನನ್ನು ಅಟ್ಟಿ ಕಾರ್ಯಾಲಯದ ಹೆಸರು ತಿಳಿದುಕೊಂಡಿದ್ದರಂತೆ. ಬಸಣ್ಣನವರು ಸಂಕೋಚದಿಂದ ಕರಗುತ್ತ, "ಗಾಡಿ ಪಂಕ್ಚರ್ ಆತ್ರಿ" ಎಂದರು. ಇನ್ನೊಬ್ಬರು ಬಂದೋಬಸ್ತಿನಲ್ಲಿ ರಸ್ತೆ ಬಂದ್ ಮಾಡಿದ್ದರು ಎಂದರು. ಅಡುಗೆಯವರು ಗೊಣಗುತ್ತ ಒಲೆ ಮತ್ತೆ ಹಚ್ಚಿದರು. ಅಲ್ಲಿಗಾದರೂ ಮುಗಿಯುತ್ತಿತ್ತೋ ಏನೋ. ಗದಗಿನ ಸೋದರಮಾವ ಎಲೆಅಡಿಕೆ ಹಾಕಿಕೊಳ್ಳುತ್ತ ಮೂರ್ತಿಯವರನ್ನು ಸಹಜವಾಗಿ ಕೇಳಿದರು, "ಯಾಕ್ರಿ ಇಷ್ಟು ತಡಾ? ಪತ್ರಿಕಾದಾಗ ಹತ್ತೂವರಿ ಅಂತ ಇತ್ತಲ್ರಿ?"

"ಹೌದಾ?" ಎಂದರು ಮೂರ್ತಿಯವರು.

ಆ ಒಂದು ಮಾತಿನಿಂದ ಅಪ್ಪನಿಗೆ ಎಲ್ಲ ಹೊಳೆಯಿತು. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಕಾಕಾನ ಮೇಲೆ ತಿರುಗಿತು. "ಏ ಶಂಕ್ರ್ಯಾ, ಅಕ್ಷರಾ ಬರೀ ಅಂದ್ರ ಬಳ್ಳಿ ಬಿಡಿಸಿ ಕುಂತ್ಯಲ್ಲೋ! ನನ್ನ ಮಾತು ಹೋತು, ಮಾನ ಹೋತು. ಮಗಳ ಲಗ್ನದಾಗ ಅಕ್ಕಿಕಾಳಿಗೆ ನಮ್ಮಾವ ಅನ್ನೂ ಒಂದ್ ನರಪಿಳ್ಳಿ ಬರಲಿಲ್ಲ, ನಿನ್ನ ಶಾಣ್ಯಾತನದಿಂದ!" ಎಂದು ಎಲ್ಲರ ಎದುರಿಗೇ ಕೂಗಿದ. ನಮ್ಮವರೆಲ್ಲ ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ಒಬ್ಬರಾದರೂ ಎದ್ದು, ಅಕ್ಷರದ ತಪ್ಪೇನಿಲ್ಲ, ನಾವು ಕೇಳಬೇಕಾಗಿತ್ತು, ಕೇಳಲಿಲ್ಲ ಎಂದಿದ್ದರೆ? ಯಾರೂ ಏಳಲಿಲ್ಲ. ಕಾಕಾ ಗೋಡೆಗೆ ಒರಗಿ ನಿಂತಿದ್ದ. ಬಾಯಿಬಿಟ್ಟು ಹೇಳಿದ್ದು ಎರಡೇ ಮಾತು: "ಖರೆ ಐತಿ, ಅಣ್ಣಾ."

ಹೊರಡುವ ಮುಂಚೆ ಸೋದರಮಾವ, ನಿಶ್ಚಯದ ದಿನ ತಾವು ಒಯ್ದಿದ್ದ ಅಕ್ಷರದ ಹಾಳೆಗಳನ್ನು ಸುರುಳಿ ಸುತ್ತಿ ಕಾಕಾನ ಕೈಗೆ ವಾಪಸಿಟ್ಟರು. ಒಳ್ಳೆಯ ಮನುಷ್ಯ, ಅವರಿಗೂ ಕೆಟ್ಟೆನಿಸಿತ್ತು. "ಛಂದ ಅದಾವ್ರಿ. ಅದರಾಗ ಎರಡ ಮಾತಿಲ್ಲ. ಆದ್ರ ಓದಾಕ ಬರಲಾರದ ಅಕ್ಷರಾ ಎರಕ ಹೊಯ್ಸಿ ನಾ ಏನ್ ಮಾಡ್ಲಿ, ನೀವ ಹೇಳ್ರಿ" ಎಂದರು. ಕಾಕಾ ತಲೆಯಾಡಿಸಿದ. ನನಗೆ ಅಳು ಬಂತು. ಗಂಡನ ಮನೆಗೆ ಹೊರಟವಳು ಅಳುವುದು ಸಹಜ ಎಂದು ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು.

ಸಂಜೆ ಸ್ಟೇಷನ್ನಿಗೆ ಬಂದು ಕಾಕಾ ಕಿಟಕಿಯೊಳಗಿಂದ ಸಂತ್ರಾ ಬರ್ಫಿಯ ಡಬ್ಬಿ ಕೊಟ್ಟ. ಮುಚ್ಚಳದ ಮೇಲೆ ಅದೇ ಸುರುಳಿ ಇಂಗ್ಲಿಷ್. ಅದರ ಮೇಲೆ ಬೆರಳು ಆಡಿಸಿ, "ಇದೂ ಯಾರಿಗೂ ಓದಾಕ ಬರಂಗಿಲ್ಲ ತಂಗಿ. ಆದ್ರೂ ಬರ್ಫಿ ತಗೋತಾರ ನೋಡು" ಎಂದು ನಕ್ಕ. ನಕ್ಕದ್ದೋ ಅಲ್ಲವೋ, ಗಾಡಿ ಹೊರಟಿತ್ತು, ಸರಿಯಾಗಿ ಕಾಣಲಿಲ್ಲ. ಆಮೇಲೆ ಅವನು ಆ ಅಕ್ಷರಗಳನ್ನು ಬರೆಯಲಿಲ್ಲ. ಗಣಿಯ ನಕ್ಷೆ ಬರೆದ, ನಿವೃತ್ತನಾದ, ಈಗ ನಾಗಪುರದಲ್ಲೇ ನನ್ನ ತಮ್ಮನ ಮನೆಯಲ್ಲಿ ಇದ್ದಾನೆ. ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ.

ಈ ಎಲ್ಲ ನೆನಪಿನ ನಡುವೆ ಫೋನಿನ ಪತ್ರಿಕೆ ಇನ್ನೂ ನನ್ನ ಕೈಯಲ್ಲೇ ಬೆಳಗುತ್ತಿತ್ತು. ಕಳಿಸಿದ ನಂಬರು ನಾದಿನಿಯ ಮಗಳದು ಎನ್ನುವಷ್ಟು ಗೊತ್ತಾಯಿತು. ಫೋನು ಹಚ್ಚಿಯೇಬಿಟ್ಟೆ. "ನೋಡವಾ, ನನಗ ಇದು ಓದಾಕ ಬರವಲ್ದು. ಯಾರ ಲಗ್ನ, ಎಂದು, ಎಲ್ಲಿ, ಹೇಳು" ಎಂದೆ. ಆ ಕಡೆಯಿಂದ ಕಿಲಕಿಲ ನಗು. "ಅಯ್ಯ ಅತ್ತಿ, ನಮಗೂ ಬರವಲ್ದು! ಫಾಂಟ್ ಛಂದ ಕಾಣ್ತು ಅಂತ ಹಾಕಿಸಿಬಿಟ್ವಿ. ನೀವು ಒಬ್ಬರ ನೋಡ್ರಿ ಕೇಳಿದವರು, ಉಳದವರೆಲ್ಲಾ ಬರೇ ಕೈಮುಗಿಯೂ ಚಿತ್ರ ಕಳಿಸ್ಯಾರ" ಎಂದಳು. ತನ್ನ ಮಗಳ ಲಗ್ನ ಎಂದು, ದಿವಸ, ಹೊತ್ತು, ಜಾಗ ಎಲ್ಲ ಹೇಳಿದಳು. ಇಷ್ಟೇ ಕೆಲಸ. ಎಷ್ಟು ಸುಲಭದ ಕೆಲಸವಾಗಿತ್ತು ಅದು!

ಎದ್ದು ಹೋಗಿ ಟ್ರಂಕಿನ ತಳದಿಂದ ನನ್ನ ಪತ್ರಿಕೆ ತೆಗೆದೆ. ಹಳದಿ ಕಾಗದ ಕಂದಿತ್ತು, ಕುಂಕುಮದ ಬಣ್ಣ ಹಾಗೇ ಇತ್ತು. ಯಜಮಾನರ ಮುಂದೆ ಕೂತು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದೆ. ಶ್ರೀ ಬಂತು. ಮುಂದಿನದು ಬರಲಿಲ್ಲ, ದನಿ ಮುಂದೆ ತಳ್ಳಿದೆ, ಬಂತು. ಚಿರಂಜೀವಿ ಕುಂಕುಮ ಸೌಭಾಗ್ಯವತಿ ಎಂದಾದ ಮೇಲೆ ನನ್ನ ಹೆಸರು ಬಳ್ಳಿಯೊಳಗಿಂದ ಹೊರಗೆ ಬಂತು. ಆಮೇಲೆ ಅವರದು. ಕೆಳಗೆ ದಿವಸ, ಹತ್ತೂವರೆ, ಧಂತೋಲಿ, ಎಲ್ಲ ಇತ್ತು. ಅಷ್ಟೇನೂ ಕಷ್ಟವಿರಲಿಲ್ಲ, ಅಥವಾ ಗೊತ್ತಿದ್ದುದರಿಂದ ಓದಲು ಬಂತೋ, ಅದೂ ನನಗೆ ತಿಳಿಯಲಿಲ್ಲ. ನಾಗಪುರಕ್ಕೆ ಫೋನು ಹಚ್ಚಿದೆ. ತಮ್ಮ ಕಾಕಾನ ಕಿವಿಗೆ ಹಿಡಿದ.

"ಕಾಕಾ, ನಮ್ಮ ಮಂದಿಗೆ ಓದಾಕ ಬಂದಿಲ್ಲಂತ ನಿನಗ ಆಗ ಗೊತ್ತಿತ್ತೇನು?" ಎಂದ ಕೂಡಲೇ ಅವನಿಗೆ ಯಾವುದರ ಮಾತೆಂದು ತಿಳಿಯಿತು.

"ಮೂರ್ತಿಯವರ ಮನಿಯಾಗ ಗೊತ್ತಾತು. ಹೊತ್ತು ಇದ್ದದ್ದು ಕೆಳಗ, ಅವರು 'ಇಲ್ಲೇ ಇದೆ' ಅಂತ ಬಟ್ಟು ಇಟ್ಟಿದ್ದು ಮ್ಯಾಲಿನ ಗಣಪತಿ ಬಾಜೂಕ."

"ಮತ್ತ ಯಾಕ ಓದಿ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಅವರ ಮಕ್ಕಳು ಅಲ್ಲೇ ಕುಂತಿದ್ವು. ನಿಮಗ ಕನ್ನಡಾ ಓದಾಕ ಬರಂಗಿಲ್ಲ, ತರ್ರಿ ಇಲ್ಲೆ ಅಂತ ಅನ್ನಾಕ ಬರ್ತೈತೇನು? ಒಬ್ಬರನ್ನೊಬ್ಬರು ಕೇಳಿ ಬರ್ತಾರ ಅಂದ್ಕೊಂಡಿದ್ದೆ."

ಅವರ ಮಾನ ಉಳಿಸಲು ಅವನು ಸುಮ್ಮನಿದ್ದ. ಅವನ ಅಕ್ಷರದ ಮಾನ ಉಳಿಸಲು ಅವರು ಛಂದ ಐತಿ ಎಂದರು. ಇಬ್ಬರ ನಡುವೆ ಅಕ್ಷರ ಹೋಯಿತು. ಯಾರ ಮೇಲೆ ಸಿಟ್ಟು ಮಾಡಲಿ ನಾನು? ಸಿಟ್ಟಂತೂ ಬಂದಿತ್ತು.

"ಕಾಕಾ, ನಾ ಓದ್ತೀನಿ, ಕೇಳು" ಎಂದೆ. ಮೇಲಿನಿಂದ ಕೆಳಗಿನ ತನಕ ಪೂರ್ತಿ ಓದಿದೆ.

"ಎರಡನೇ ಸಾಲಿನ್ಯಾಗ ತಡದಿ" ಎಂದ ಕಾಕಾ. "ಅಲ್ಲಿ ಬಳ್ಳಿ ಒಂದೀಟು ಹೆಚ್ಚಾಗೈತಿ. ಅದು ನನಗ ಆಗೂ ಗೊತ್ತಿತ್ತು, ತಗಿಯಾಕ ಮನಸ್ಸು ಬರಲಿಲ್ಲ. ಇನ್ನೊಮ್ಮೆ ಓದು, ಈ ಸಲ ನಿಂತು ನಿಂತು ಓದು."

ನಾನು ಶ್ರೀಯಿಂದ ಮತ್ತೆ ಶುರುಮಾಡಿದೆ.